ಖಾಯಂ ಗಿರಾಕಿಗಳ ಕಾರು: ಪ್ರತಿ ವರ್ಷ ಪಾಲಿಶ್ ಹೊಡೆಯೋದಾ, ಬೇಡ್ವಾ?

ಎರಡು_ಬಕೆಟ್ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುವುದು ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ಬರೆಯದೆ ಇರಲು ಆಗಲಿಲ್ಲ.

ನನ್ನದು ಚಿಕ್ಕ ಡೀಟೇಲಿಂಗ್ ಅಂಗಡಿ, ಅಂದರೆ ಕಾರು ತೊಳೆದು ಪಾಲಿಶ್ ಹೊಡೆದು ಹೊಳಪು ಕೊಡುವ ಕೆಲಸ. ನಾನು, ಇಬ್ಬರು ಹುಡುಗರು, ಒಂದೂವರೆ ಕಾರು ನಿಲ್ಲುವಷ್ಟು ಜಾಗ. ಹೊಟ್ಟೆ ತುಂಬುತ್ತಿರುವುದು ಖಾಯಂ ಗಿರಾಕಿಗಳಿಂದ. ಅವರಲ್ಲೊಬ್ಬರ ಕಪ್ಪು ಸೆಡಾನ್ ಬಗ್ಗೆ ಕೇಳಬೇಕಿತ್ತು.

2021ರಲ್ಲಿ ಮೊದಲ ಸಲ ಬಂದರು. ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ತುಂಬ ಜೇಡರ ಬಲೆ ಥರ ಸಣ್ಣ ಗೆರೆ. ಪೇಂಟಿನ ದಪ್ಪ ಅಳೆಯುವ ಗೇಜ್ ಇಟ್ಟು ನೋಡಿದೆ, ಮಧ್ಯದಲ್ಲಿ 117 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಕಾಂಪೌಂಡ್ (ಒರಟು ಪಾಲಿಶ್), ಪಾಲಿಶ್ ಎರಡೂ ಹೊಡೆದು ಕನ್ನಡಿ ಮಾಡಿ ಕಳಿಸಿದೆ. ಮುಂದಿನ ವರ್ಷ ಆಯುಧಪೂಜೆಗೆ ಮೊದಲು ಮತ್ತೆ ಬಂದರು. ಮತ್ತೆ ಅದೇ ಬಲೆ. ಮತ್ತೆ ಹೊಡೆದೆ. ಹೀಗೆ ನಾಲ್ಕು ಸಲ ಆಯಿತು. ಈ ವಾರ ಅದೇ ಜಾಗದಲ್ಲಿ ಗೇಜ್ ಇಟ್ಟರೆ 103. ಅಂಚಿನ ಹತ್ತಿರ 94.

14 ಮೈಕ್ರಾನ್ ಏನು ಮಹಾ ಅನ್ನಬೇಡಿ. ಕಂಪನಿ ಪೇಂಟಿನಲ್ಲಿ ಪ್ರೈಮರ್, ಬಣ್ಣ, ಮೇಲಿನ ಬಣ್ಣವಿಲ್ಲದ ಕ್ಲಿಯರ್ ಪದರ ಎಲ್ಲಾ ಸೇರಿ ಸುಮಾರು 100ರಿಂದ 140 ಮೈಕ್ರಾನ್ ಇರುತ್ತದೆ. ಅದರಲ್ಲಿ ಕ್ಲಿಯರ್ ಪಾಲು 35ರಿಂದ 50. ತಲೆಗೂದಲಿಗಿಂತ ತೆಳು. ನಾವು ಉಜ್ಜುವುದು ಆ ಕ್ಲಿಯರನ್ನೇ. ಅಂದರೆ ಆ ಕಾರಿನ ಕ್ಲಿಯರಲ್ಲಿ ಮೂರನೇ ಒಂದು ಪಾಲು ನಾನೇ ತಿಂದು ಕೂತಿದ್ದೇನೆ. ಪ್ರತಿ ಸಲ ಅವರು ಖುಷಿಯಿಂದ ಹೋದರು, ನಾನೂ ಖುಷಿಯಿಂದ ದುಡ್ಡು ಎಣಿಸಿಕೊಂಡೆ.

ಈಗ ಅವರ ಮಗಳ ಮದುವೆ. "ಒಂದ್ಸಲ ಚೆನ್ನಾಗಿ ಹೊಡೆದುಬಿಡಿ, ಮದುಮಗಳು ಇದೇ ಕಾರಲ್ಲಿ ಹೋಗಬೇಕು" ಅನ್ನುತ್ತಿದ್ದಾರೆ. ಏನು ಹೇಳಲಿ?

ಸ್ಪ್ರೇಗನ್_ಅಣ್ಣ (ದಾವಣಗೆರೆ)

ಆಗಲ್ಲ ಅಂತ ಹೇಳಿ. ಅಷ್ಟೇ.

ನಾನು ಪೇಂಟ್ ಬೂತಿನವನು. ನಿಮ್ಮಂಥವರು ಅತಿಯಾಗಿ ಉಜ್ಜಿದ ಕಾರು ಕೊನೆಗೆ ನನ್ನ ಹತ್ತಿರ ಬರುತ್ತವೆ. ಬಿಸಿಲು ತಡೆಯುವ ಮದ್ದು ಇರುವುದು ಕ್ಲಿಯರ್ ಒಳಗೇ. ಅದು ತೆಳುವಾದರೆ ಬಿಸಿಲು ಸೀದಾ ಬಣ್ಣಕ್ಕೆ ಹೊಡೆಯುತ್ತದೆ. ಮೊದಲು ರೂಫ್ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಬಿಳಿ. ಆಮೇಲೆ ಹಾವಿನ ಪೊರೆ ಥರ ಏಳುತ್ತದೆ. ಆಗ ಯಾವ ಪಾಲಿಶೂ ಇಲ್ಲ, ಯಾವ ಕೋಟಿಂಗೂ ಇಲ್ಲ. ಕೆರೆದು ಹೊಸದಾಗಿ ಹೊಡೆಯಬೇಕು.

ಹೊಸದಾಗಿ ಹೊಡೆದರೆ ಮೊದಲಿನ ಹಾಗೇ ಆಗುತ್ತದೆ ಅಂತ ಜನ ತಿಳಿದಿದ್ದಾರೆ. ಆಗಲ್ಲ ಸ್ವಾಮಿ. ಕಾರ್ಖಾನೆಯಲ್ಲಿ ಬರೀ ಬಾಡಿ ಇರುವಾಗಲೇ 140 ಡಿಗ್ರಿ ಹತ್ತಿರ ಬೇಯಿಸುತ್ತಾರೆ. ನಾನು ಅಷ್ಟು ಶಾಖ ಕೊಟ್ಟರೆ ಡ್ಯಾಶ್‌ಬೋರ್ಡ್, ವೈರು, ರಬ್ಬರ್ ಎಲ್ಲಾ ಕರಗಿ ಹೋಗುತ್ತವೆ. ನಮ್ಮದು 60 ಡಿಗ್ರಿ ಬೂತು. ಪೇಂಟೇ ಬೇರೆ, ಗಟ್ಟಿಯಾಗುವ ರೀತಿಯೇ ಬೇರೆ. ಕಂಪನಿ ಪೇಂಟ್ ಒಂದ್ಸಲ ಹೋದರೆ ಹೋಯಿತು.

ಡಿಎ_ಮೆಷಿನ್ (ಹುಬ್ಬಳ್ಳಿ)

ಅಣ್ಣ ಹೇಳಿದ್ದು ಸರಿ, ಆದರೆ ಸ್ವಲ್ಪ ಹೆದರಿಸುತ್ತಿದ್ದಾರೆ. ಎರಡು_ಬಕೆಟ್ ಅವರೇ, ಗೇಜನ್ನು ಶೂನ್ಯಕ್ಕೆ ತಂದು ನೋಡಿದ್ದೀರಾ? ಈ ಗೇಜುಗಳಲ್ಲಿ ಎರಡು ಮೂರು ಮೈಕ್ರಾನ್ ಆಚೆ ಈಚೆ ಇದ್ದೇ ಇರುತ್ತದೆ. ಅದು ತೋರಿಸುವುದು ಒಟ್ಟು ದಪ್ಪ, ಕ್ಲಿಯರ್ ಎಷ್ಟು ಅಂತ ಅಲ್ಲ. ನಾಲ್ಕು ಬೆರಳು ಪಕ್ಕಕ್ಕೆ ಇಟ್ಟರೆ ಆರು ಮೈಕ್ರಾನ್ ಬೇರೆ ಬರಬಹುದು.

ಇನ್ನೊಂದು ಮಾತು. ನಾಲ್ಕು ಸಲಕ್ಕೆ 14 ಹೋಗಿದೆ ಅಂದರೆ ನೀವು ಪ್ರತಿ ಸಲ ಉಣ್ಣೆ ಪ್ಯಾಡ್ ಹಾಕಿ ಕಾಂಪೌಂಡಿನಿಂದಲೇ ಶುರು ಮಾಡಿದ್ದೀರಿ. ಮೆದು ಫೋಮ್ ಪ್ಯಾಡು, ಫಿನಿಶಿಂಗ್ ಪಾಲಿಶು, ಅಲ್ಲಾಡುತ್ತಾ ತಿರುಗುವ ಡಿಎ ಮೆಷಿನ್ನು, ಇಷ್ಟೇ ಆಗಿದ್ದರೆ ಸಲಕ್ಕೆ ಒಂದು ಮೈಕ್ರಾನ್ ಹೋಗುವುದೂ ಕಷ್ಟ. ಮೊದಲ ವರ್ಷ ಹೊಡೆದದ್ದು ಸರಿ. ಎರಡನೇ ವರ್ಷವೂ ಅದೇ ಕೊಡಲಿ ಎತ್ತಿದ್ದೇಕೆ?

ಎರಡು_ಬಕೆಟ್ (ಬೆಂಗಳೂರು)

ಒಪ್ಪಿದೆ ಗುರು. ಉಣ್ಣೆ ಪ್ಯಾಡೇ. ಬೇಗ ಮುಗಿಯುತ್ತದೆ ಅಂತ. ಹಬ್ಬದ ಸೀಸನ್ನಲ್ಲಿ ದಿನಕ್ಕೆ ಎರಡು ಕಾರು ಮುಗಿಸಬೇಕಿತ್ತು.

ಗೇಜ್ ಸರಿ ಇದೆ. ಬಾನೆಟ್ ಮಧ್ಯದ ಉಬ್ಬು ಗೆರೆಯಿಂದ ಒಂದು ಗೇಣು ಎಡಕ್ಕೆ ಅಂತ ಜಾಗ ಗುರುತು ಮಾಡಿಕೊಂಡೇ ಇಡುತ್ತೇನೆ.

ಕರಿ_ಕಾರು (ಮೈಸೂರು)

ನಾನು ಈ ಕೆಲಸದವಳಲ್ಲ, ಗಿರಾಕಿ. ನನ್ನದೂ ಕಪ್ಪು ಕಾರೇ, ಅದಕ್ಕೆ ಓದುತ್ತಿದ್ದೆ. ಒಂದು ಮಾತು ಕೇಳಲಾ? ನಾಲ್ಕು ವರ್ಷದಲ್ಲಿ ಒಂದು ಸಲವಾದರೂ ಅವರಿಗೆ ಆ 117, 103 ಎಲ್ಲಾ ಹೇಳಿದ್ದೀರಾ?

ನಮ್ಮ ಡೀಟೇಲಿಂಗ್‌ನವರು ಪ್ರತಿ ವರ್ಷ "ಮೇಡಂ, ಪೇಂಟ್ ಡಲ್ ಆಗಿದೆ, ಒಂದು ಕೋಟ್ ಪಾಲಿಶ್ ಮಾಡೋಣ" ಅನ್ನುತ್ತಾರೆ. ನಾನು ಪಾಲಿಶ್ ಅಂದರೆ ಶೂ ಪಾಲಿಶ್ ಥರ ಏನೋ ಹಚ್ಚುವುದು ಅಂದುಕೊಂಡಿದ್ದೆ. ಹಚ್ಚುವುದಲ್ಲ, ಸವೆಸುವುದು ಅಂತ ಇವತ್ತೇ ಗೊತ್ತಾಗಿದ್ದು. ಸ್ವಲ್ಪ ಸಿಟ್ಟೇ ಬಂತು.

ಡಿಎ_ಮೆಷಿನ್ (ಹುಬ್ಬಳ್ಳಿ)

ಮೇಡಂ, ಹಚ್ಚುವುದೂ ಇದೆ. ಅದು ವ್ಯಾಕ್ಸು, ಸೀಲೆಂಟು, ಗ್ಲೇಝು. ಗ್ಲೇಝ್ ಅಂತೂ ಗೆರೆಗಳಲ್ಲಿ ತುಂಬಿಕೊಂಡು ಕೂರುತ್ತದೆ. ಕಾರು ಹೊರಗೆ ಹೋಗುವಾಗ ಹೊಳೆಯುತ್ತದೆ, ನಾಲ್ಕು ಸಲ ತೊಳೆದರೆ ಗೆರೆ ವಾಪಸ್. ಕೆಲವರು ಅದನ್ನೇ ಪಾಲಿಶ್ ಅಂತ ಮಾರುತ್ತಾರೆ. ಪರೀಕ್ಷೆ ಸುಲಭ. ಕೆಲಸ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ನೀರು ಬೆರೆಸಿ ಒಂದು ಜಾಗ ಒರೆಸಿ ತೋರಿಸಿ ಅನ್ನಿ. ತುಂಬಿದ್ದೆಲ್ಲ ಎದ್ದು ಬಂದು ನಿಜ ಕಾಣುತ್ತದೆ.

ಆದರೆ ಈ ಮದುವೆ ಕಾರಿಗೆ ನನ್ನ ಪ್ರಕಾರ ಗ್ಲೇಝೇ ಸರಿ. ಒಂದು ದಿನದ ಮಾತಲ್ವಾ? ಸವೆಸಬೇಡಿ, ಮುಚ್ಚಿ. ಮುಚ್ಚಿದ್ದೇವೆ ಅಂತ ಹೇಳಿಯೇ ಮುಚ್ಚಿ.

ಎರಡು_ಬಕೆಟ್ (ಬೆಂಗಳೂರು)

ಕರಿ_ಕಾರು ಮೇಡಂ, ಹೇಳಿಲ್ಲ. ನಿಮ್ಮ ಪ್ರಶ್ನೆ ಎರಡು ದಿನದಿಂದ ತಲೆಯಲ್ಲೇ ಕೂತಿದೆ.

ಅದಕ್ಕೇ ನಿನ್ನೆ ಒಂದು ಕೆಲಸ ಮಾಡಿದೆ. ಪ್ರತಿ ವರ್ಷ ನಾನು ತೆಗೆದ ಗೆರೆಯನ್ನು ಮತ್ತೆ ಹಾಕುತ್ತಿರುವುದು ಯಾರು ಅಂತ ನೋಡಲು ಬೆಳಿಗ್ಗೆ ಆರಕ್ಕೆ ಅವರ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಹೋದೆ. ಕಾರು ಒರೆಸುವ ಹುಡುಗ ಆಗಲೇ ಶುರು ಮಾಡಿದ್ದ. ಒಂದು ಬಕೆಟ್, ಅರ್ಧ ನೀರು, ಎರಡು ಬಟ್ಟೆ. ಅದರಲ್ಲಿ ಒಂದು ಹಳೇ ಟವೆಲ್, ಇನ್ನೊಂದು ಯಾರದೋ ಬನಿಯನ್. ಮೊದಲ ಕಾರು ಮುಗಿದಾಗ ನೀರು ಟೀ ಬಣ್ಣ. ಐದನೇ ಕಾರಿನ ಹೊತ್ತಿಗೆ ರಾಗಿ ಅಂಬಲಿ. ನಮ್ಮ ಕಪ್ಪು ಸೆಡಾನ್ ಅವನ ಸಾಲಿನಲ್ಲಿ ಒಂಬತ್ತನೇದು. ಅದರ ಟೈರ್ ಒರೆಸಿ, ಅದೇ ಬಟ್ಟೆ ಅದ್ದಿ ಹಿಂಡಿ, ಬಾನೆಟ್ ಮೇಲೆ ಗುಂಡು ಗುಂಡಾಗಿ ತಿರುಗಿಸಿದ. ಒಂದು ಕಾರಿಗೆ ನಾಲ್ಕು ನಿಮಿಷ.

ಅವನನ್ನು ಬೈಯುವುದಕ್ಕೆ ಮನಸ್ಸು ಬರಲಿಲ್ಲ. ಏಳೂವರೆ ಒಳಗೆ 22 ಕಾರು ಮುಗಿಯಬೇಕು, ಇಲ್ಲದಿದ್ದರೆ ಮೇಲಿಂದ ಫೋನು. ಒರೆಸಿದ ಹಾಗೆ ಕಾಣದಿದ್ದರೆ ತಿಂಗಳ ಕೊನೆಗೆ ದುಡ್ಡು ಕಟ್. ಯಾರೂ ಅವನಿಗೆ ಒಂದು ಒಳ್ಳೆ ಬಟ್ಟೆ ಕೊಡಿಸಿಲ್ಲ.

ವಾರಕ್ಕೆ ಆರು ದಿನ, ವರ್ಷಕ್ಕೆ ಮುನ್ನೂರು ಸಲ. ನಾನು ವರ್ಷಕ್ಕೊಂದು ಸಲ ಉಜ್ಜಿ ಏನು ಉಪಯೋಗ?

ಬ್ಲಾಕ್_ಸಿ (ಬೆಂಗಳೂರು)

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ನಾನು ಕಮಿಟಿಯಲ್ಲಿದ್ದೇನೆ. ಇದಕ್ಕೆ ಇನ್ನೊಂದು ಮುಖ ಇದೆ. 2024ರ ಮಾರ್ಚ್‌ನಲ್ಲಿ ಬೋರ್‌ಗಳೆಲ್ಲ ಬತ್ತಿದಾಗ ಜಲಮಂಡಳಿ ಕುಡಿಯುವ ನೀರಲ್ಲಿ ಗಾಡಿ ತೊಳೆಯಬಾರದು, ತೊಳೆದರೆ 5,000 ರೂಪಾಯಿ ದಂಡ ಅಂದಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ. ಅಲ್ಲಿಂದ ಪೈಪ್ ಹಿಡಿಯುವುದು ನಮ್ಮಲ್ಲಿ ಪೂರ್ತಿ ನಿಂತಿದೆ. ಅರ್ಧ ಬಕೆಟ್ ನೀರಿನ ಪದ್ಧತಿಗೆ ಸೋಮಾರಿತನ ಕಾರಣ ಅಲ್ಲ, ನೀರೇ ಇರಲಿಲ್ಲ.

ಈಗ ಕೆಲವರು ಮನೆಯ ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನು ಡ್ರಮ್‌ನಲ್ಲಿ ಹಿಡಿದು ಕಾರಿಗೆ ಕೊಡುತ್ತಾರೆ. ಒಳ್ಳೇದೇ ಅಲ್ವಾ?

ಎರಡು_ಬಕೆಟ್ (ಬೆಂಗಳೂರು)

ನೀರು ಉಳಿಸುವುದಕ್ಕೆ ಒಳ್ಳೇದು, ಪೇಂಟಿಗೆ ಕೆಟ್ಟದ್ದು. ಆರ್‌ಒ ಒಳ್ಳೆ ನೀರನ್ನು ನಮಗೆ ಕೊಟ್ಟು ಉಪ್ಪು, ಸುಣ್ಣದ ಅಂಶವನ್ನೆಲ್ಲ ಆ ಹೊರಗಿನ ಪೈಪಿಗೆ ತಳ್ಳುತ್ತದೆ. ಮೊದಲೇ ಗಡಸಾದ ಬೋರ್ ನೀರು, ಇದು ಅದಕ್ಕಿಂತ ಗಡಸು. ಬಿಸಿ ಬಾನೆಟ್ ಮೇಲೆ ಆರಿದರೆ ಬಿಳಿ ಬೊಟ್ಟು ಕೂರುತ್ತದೆ. ಹಾಗೇ ಬಿಟ್ಟರೆ ಕೆಲವು ದಿನದಲ್ಲಿ ಕ್ಲಿಯರ್ ಒಳಗೇ ಗುಳಿ ಬೀಳುತ್ತದೆ. ಆಮೇಲೆ ಪಾಲಿಶ್ ಬಿಟ್ಟು ಬೇರೆ ದಾರಿ ಇಲ್ಲ. ಆ ನೀರನ್ನು ಟೈರಿಗೆ, ಮಡ್‌ಗಾರ್ಡ್ ಒಳಗೆ, ಬೇಸ್‌ಮೆಂಟ್ ನೆಲಕ್ಕೆ ಹಾಕಿ.

ಬೊಟ್ಟು ಹೊಸದಾಗಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ನೆರಳಲ್ಲಿ, ತಣ್ಣಗಿರುವ ಪೇಂಟಿಗೆ ಒದ್ದೆ ಬಟ್ಟೆಯಲ್ಲಿ ಒಂದು ನಿಮಿಷ ಇಟ್ಟು ಒರೆಸಿ. ಆಮೇಲೆ ಒಳ್ಳೆ ನೀರಲ್ಲಿ ತೊಳೆಯಿರಿ. ಹಾಗೇ ಬಿಟ್ಟು ಕಾಫಿ ಕುಡಿಯೋಕೆ ಹೋಗಬೇಡಿ.

ನಮ್ಮ ಅಂಗಡಿಯ ಬೋರ್ ನೀರಿನ ಟಿಡಿಎಸ್ (ಕರಗಿದ ಉಪ್ಪು, ಖನಿಜದ ಅಳತೆ) 900 ಚಿಲ್ಲರೆ. ತೊಳೆಯುವುದು ಅದರಲ್ಲೇ. ಕೊನೆಯಲ್ಲಿ ಮಾತ್ರ ಐದು ಲೀಟರಿನ ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಲ್ಲಿ ಆರ್‌ಒ ಶುದ್ಧ ನೀರು ತುಂಬಿಸಿ ಮೇಲಿಂದ ಕೆಳಗೆ ಹೊಡೆಯುತ್ತೇವೆ. ಇಡೀ ಕಾರಿಗೆ ಆ ಐದು ಲೀಟರ್ ಸಾಕು.

ಕೆಂಧೂಳು (ಹೊಸಪೇಟೆ)

ನಿಮ್ಮದೆಲ್ಲ ಬೆಂಗಳೂರಿನ ಧೂಳು ಸ್ವಾಮಿ. ನಮ್ಮ ಕಡೆ ಬನ್ನಿ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಒಂದು ಸಲ ಹೋಗಿ ಬಂದರೆ ಬಿಳಿ ಕಾರು ಇಟ್ಟಿಗೆ ಬಣ್ಣ. ಅದು ಬರೀ ಮಣ್ಣಲ್ಲ, ಕಬ್ಬಿಣದ ಅದಿರು. ಒಣ ಬಟ್ಟೆಯಲ್ಲಿ ಒರೆಸಿದರೆ ಉಪ್ಪು ಕಾಗದದಲ್ಲಿ ಉಜ್ಜಿದ ಹಾಗೆ.

ನಮ್ಮಲ್ಲಿ ಖಾಯಂ ಗಿರಾಕಿಗಳಿಗೆ ನಾನು ಹೇಳುವ ಮೊದಲ ಮಾತು: ಡಿಕ್ಕಿಯಲ್ಲಿರುವ ಆ ಹಳದಿ ಬಟ್ಟೆ ನನ್ನ ಕೈಗೆ ಕೊಡಿ. ನಿಜವಾಗಲೂ ತೆಗೆದುಕೊಂಡು ಇಟ್ಟುಕೊಳ್ಳುತ್ತೇನೆ. ಅಂಗಡಿಯಲ್ಲಿ ಒಂದು ಮೂಟೆ ಆಗಿದೆ. ಪಾರ್ಕಿಂಗ್‌ನಲ್ಲಿ ನಿಂತು ಮಾತಾಡುತ್ತಾ ಸುಮ್ನೆ ಬಾನೆಟ್ ಒರೆಸುವ ಚಟ ಇರುತ್ತಲ್ಲ, ಅದಕ್ಕಿಂತ ದೊಡ್ಡ ಶತ್ರು ಪೇಂಟಿಗೆ ಇಲ್ಲ.

ಕೆಲಸದ ವಿಷಯಕ್ಕೆ ಬಂದರೆ, ಮೊದಲು ಮುಟ್ಟದೆ ತೆಗೆಯಬೇಕು. ಫೋಮ್ ಹೊಡೆದು ನಾಲ್ಕೈದು ನಿಮಿಷ ಬಿಡುತ್ತೇನೆ, ಒಣಗಲು ಬಿಡುವುದಿಲ್ಲ. ಪ್ರೆಶರ್ ನೀರಲ್ಲಿ ಇಳಿಸುತ್ತೇನೆ. ಕೆಳಗಿನ ಅರ್ಧಕ್ಕೆ ಇನ್ನೊಂದು ಸಲ ಫೋಮ್. ಆಮೇಲೆಯೇ ಮಿಟ್ (ತೊಳೆಯುವ ಕೈಗವಸು) ಕೈಗೆ. ಒಂದು ಬಾಗಿಲು, ಮಿಟ್ ತೊಳಿ. ಇನ್ನೊಂದು ಬಾಗಿಲು, ಮಿಟ್ ತೊಳಿ. ಹುಡುಗರಿಗೆ ಇದು ರೂಢಿಯಾಗಲು ಆರು ತಿಂಗಳು ಬೇಕಾಯಿತು.

ರೈಲು ಹಳಿ ಪಕ್ಕ, ಉಕ್ಕಿನ ಕಾರ್ಖಾನೆ ಸುತ್ತ ನಿಲ್ಲಿಸುವ ಬಿಳಿ ಕಾರಿಗೆ ಸಣ್ಣ ಕಿತ್ತಳೆ ಚುಕ್ಕೆ ಬರುತ್ತವೆ. ಅದು ಪೇಂಟಿಗೆ ಚುಚ್ಚಿಕೊಂಡ ಕಬ್ಬಿಣದ ಪುಡಿ. ಐರನ್ ರಿಮೂವರ್ ಹೊಡೆದರೆ ನೇರಳೆ ಬಣ್ಣವಾಗಿ ಇಳಿಯುತ್ತದೆ. ವಾಸನೆ ಮಾತ್ರ ಕೊಳೆತ ಮೊಟ್ಟೆ. ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಮೆತ್ತನೆ ಮುದ್ದೆ) ತಿಕ್ಕುವ ಮೊದಲು ಇದನ್ನು ಮಾಡಿದರೆ ಕ್ಲೇ ಕೆಲಸ ಅರ್ಧ ಕಡಿಮೆ, ಕ್ಲೇಯಿಂದ ಬೀಳುವ ಗೆರೆಯೂ ಕಡಿಮೆ.

ಕುಡ್ಲ_ಮಳೆ (ಮಂಗಳೂರು)

ನಮ್ಮಲ್ಲಿ ಧೂಳಿನ ಕಷ್ಟ ಇಲ್ಲ ಮಾರಾಯ್ರೆ, ಮಳೆಯೇ ತೊಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಗಿರಾಕಿ ಬರುವುದೇ ಇಲ್ಲ, ಬಂದರೆ ಕಿಟಕಿ ರಬ್ಬರಿನ ಮೇಲೆ ಹಸಿರು ಪಾಚಿ ಹಿಡಿದಿರುತ್ತದೆ. ಕವರ್ ಹಾಕಿ ತಿಂಗಳುಗಟ್ಟಲೆ ಇಟ್ಟವರದ್ದು ಇನ್ನೂ ಮೋಸ. ಕವರ್ ಒಳಗೆ ತೇವ, ಗಾಳಿಗೆ ಕವರ್ ಅಲ್ಲಾಡಿ ಅಂಚಿನಲ್ಲೆಲ್ಲ ಉಜ್ಜಿದ ಗುರುತು. ಶೆಡ್ ಇದ್ದರೆ ಕವರ್ ಬೇಡ.

ಹೊಸಬ (ತುಮಕೂರು)

ಅಣ್ಣಂದಿರೇ, ಒಂದು ಡೌಟು. ಸೆರಾಮಿಕ್ ಕೋಟಿಂಗ್ ಮಾಡಿಸಿಬಿಟ್ಟರೆ ಇದೆಲ್ಲ ತಲೆನೋವು ಇರಲ್ಲ ಅಲ್ವಾ? 9ಎಚ್ ಗಟ್ಟಿ ಅಂತಾರಲ್ಲ.

ಡಿಎ_ಮೆಷಿನ್ (ಹುಬ್ಬಳ್ಳಿ)

ಬಂತು ನೋಡಿ 9ಎಚ್! ಅದು ಪೆನ್ಸಿಲ್ ಅಳತೆ ತಮ್ಮಾ. ಬೇರೆ ಬೇರೆ ಗಟ್ಟಿತನದ ಪೆನ್ಸಿಲಿನಿಂದ ಗೀಚಿ ನೋಡುತ್ತಾರೆ, ಅದರಲ್ಲಿ ಗಟ್ಟಿ ಪೆನ್ಸಿಲ್ 9ಎಚ್. ವಜ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ರಸ್ತೆ ಧೂಳಿನಲ್ಲಿರುವ ಮರಳಿನ ಕಣಕ್ಕೆ ಆ ಕೋಟಿಂಗ್ ಲೆಕ್ಕವೇ ಅಲ್ಲ. ದಪ್ಪ ನೋಡಿದರೆ ಒಂದು ಮೈಕ್ರಾನ್ ಆಸುಪಾಸು.

ಹಾಗಂತ ದಂಡ ಅಂತ ಹೇಳಲ್ಲ. ಕೊಳೆ ಗಟ್ಟಿಯಾಗಿ ಅಂಟುವುದಿಲ್ಲ, ತೊಳೆಯುವುದು ಸುಲಭ, ಹಕ್ಕಿ ಹಿಕ್ಕೆಗೆ ಸ್ವಲ್ಪ ಟೈಮ್ ಕೊಡುತ್ತದೆ. ಕಲ್ಲೇಟು ತಡೆಯಬೇಕು ಅಂದರೆ ಪಿಪಿಎಫ್ ಫಿಲ್ಮ್ (ಪೇಂಟ್ ಮೇಲೆ ಅಂಟಿಸುವ ಪಾರದರ್ಶಕ ಹಾಳೆ) ಬೇಕು, ಅದು 150ರಿಂದ 200 ಮೈಕ್ರಾನ್ ಇರುತ್ತದೆ. ದುಡ್ಡೂ ಹಾಗೇ.

ಖಾಯಂ ಗಿರಾಕಿಗಳ ವಿಷಯಕ್ಕೆ ಇದು ಮುಖ್ಯ. "ಕೋಟಿಂಗ್ ಹೋಗಿದೆ, ನೀರು ಮುತ್ತಿನ ಹಾಗೆ ನಿಲ್ಲುತ್ತಿಲ್ಲ" ಅಂತ ಬಂದರೆ ತಕ್ಷಣ ಕೆರೆದು ಹೊಸದು ಹಾಕಬೇಡಿ. ಹತ್ತರಲ್ಲಿ ಆರೇಳು ಸಲ ಅದು ಹೋಗಿರುವುದಿಲ್ಲ, ಮೇಲೆ ಕೊಳೆ ಕೂತಿರುತ್ತದೆ. ಒಂದು ಬಾಗಿಲಿಗೆ ಐರನ್ ರಿಮೂವರ್, ಆಮೇಲೆ ನೀರಿನ ಕಲೆ ತೆಗೆಯುವ ಆಸಿಡ್ ಶಾಂಪೂ ಹಾಕಿ ತೊಳೆದು ನೀರು ಹೊಡೆಯಿರಿ. ಮುತ್ತು ವಾಪಸ್ ಬಂದರೆ ಕೋಟಿಂಗ್ ಬದುಕಿದೆ.

ಮತ್ತೆ ಎರಡು_ಬಕೆಟ್ ಅವರಿಗೆ ಒಂದು ಮಾತು. ಅಪಾರ್ಟ್‌ಮೆಂಟ್ ಹುಡುಗನ ಕಥೆ ಚೆನ್ನಾಗಿತ್ತು. ನಿಮ್ಮ ಅಂಗಡಿಯ ಬಟ್ಟೆಗಳನ್ನು ಯಾರು ಒಗೆಯುತ್ತಾರೆ?

ಎರಡು_ಬಕೆಟ್ (ಬೆಂಗಳೂರು)

ಏಟು ಸರಿಯಾಗಿ ಬಿತ್ತು.

ನಿನ್ನೆ ರಾತ್ರಿ ಬಟ್ಟೆ ಡಬ್ಬ ಸುರಿದು ನೋಡಿದೆ. ಚಕ್ರ ಒರೆಸಿದ್ದು, ಪೇಂಟಿಗೆ ಬಳಸಿದ್ದು, ಒಳಗಿನ ಸೀಟಿಂದು, ಎಲ್ಲಾ ಒಟ್ಟಿಗೆ ಒಗೆಯುತ್ತಿದ್ದರು. ಘಮ ಬರಲಿ ಅಂತ ಹುಡುಗರು ಫ್ಯಾಬ್ರಿಕ್ ಕಂಡೀಶನರ್ ಬೇರೆ ಸುರಿದಿದ್ದಾರೆ. ಮೈಕ್ರೋಫೈಬರ್‌ಗೆ ಅದು ಹಾಕಿದರೆ ಎಳೆ ಮುಚ್ಚಿಕೊಂಡು ನೀರೇ ಹೀರುವುದಿಲ್ಲ. ಒಂದು ಬಟ್ಟೆಯ ಅಂಚಿನಲ್ಲಿ ಸಣ್ಣ ಕಬ್ಬಿಣದ ಚೂರು ಸಿಕ್ಕಿಕೊಂಡಿತ್ತು, ಬೆರಳಿಗೆ ಚುಚ್ಚಿದಾಗ ಗೊತ್ತಾಯಿತು.

ಹಳೇ ಸಿಡಿ ಒಂದು ಬಿದ್ದಿತ್ತು. ಅದರ ಹೊಳೆಯುವ ಕಡೆಗೆ ಒಂದೊಂದು ಬಟ್ಟೆ ಉಜ್ಜಿ ನೋಡಿದೆ. 40 ಬಟ್ಟೆಯಲ್ಲಿ 11 ಗೆರೆ ಹಾಕಿದವು. ಆ ಹನ್ನೊಂದನ್ನೂ ಸೈಲೆನ್ಸರ್ ಒರೆಸುವುದಕ್ಕೆ ಇಳಿಸಿದ್ದೇನೆ. ಈಗ ಮೂರು ಬಣ್ಣ: ನೀಲಿ ಪೇಂಟಿಗೆ, ಹಳದಿ ಒಳಗೆ, ಬೂದು ಚಕ್ರಕ್ಕೆ. ನೆಲಕ್ಕೆ ಬಿದ್ದ ನೀಲಿ ಅವತ್ತಿಂದ ಬೂದು.

ಸ್ಪ್ರೇಗನ್_ಅಣ್ಣ (ದಾವಣಗೆರೆ)

ಆಯುಧಪೂಜೆ ಮಾತು ಯಾರೂ ಎತ್ತಲಿಲ್ಲವಲ್ಲ. ವರ್ಷವಿಡೀ ಜೋಪಾನ ಮಾಡಿದ್ದು ಅವತ್ತು ಒಂದೇ ದಿನಕ್ಕೆ ಹೋಗುತ್ತದೆ. ಹೂವಿನ ಹಾರಕ್ಕೆ ಬೈಂಡಿಂಗ್ ವೈರ್, ಅದು ಗ್ರಿಲ್ ಪಕ್ಕದಲ್ಲಿ ಗಾಳಿಗೆ ಕುಣಿದು ಪೇಂಟ್ ಕೆರೆಯುತ್ತದೆ. ಬಾಳೆಕಂದು ಕಟ್ಟಿ ಹೈವೇಯಲ್ಲಿ ಎಂಬತ್ತರಲ್ಲಿ ಹೋಗುತ್ತಾರೆ. ಬಾನೆಟ್ ಮೇಲೇ ಕರ್ಪೂರ ಹಚ್ಚಿದ ಕಾರು ನನ್ನ ಬೂತಿಗೆ ಬಂದಿದೆ, ರೂಪಾಯಿಯಷ್ಟು ಅಗಲ ಗುಳ್ಳೆ ಎದ್ದಿತ್ತು. ದೇವರಿಗೆ ಆರತಿ ತಟ್ಟೆ ಇಲ್ವಾ?

ಅರಿಶಿನದ ಕಲೆಗೆ ದಯವಿಟ್ಟು ಕಾಂಪೌಂಡ್ ಹಾಕಬೇಡಿ. ಬಿಳಿ ಕಾರಿಗೆ ಹಳದಿ ಕಲೆ ಕೂತಿದ್ದರೆ ತೊಳೆದು ಬಿಸಿಲಿಗೆ ಬಿಡಿ. ಅರಿಶಿನದ ಬಣ್ಣ ಬಿಸಿಲಿಗೆ ತಾನೇ ಮಾಸುತ್ತದೆ, ನಮ್ಮಮ್ಮ ಸೀರೆಗೂ ಅದನ್ನೇ ಮಾಡುತ್ತಿದ್ದರು. ಕುಂಕುಮ ಹಾಗಲ್ಲ. ಅದನ್ನು ಒದ್ದೆ ಕೈಯಲ್ಲಿ ಉಜ್ಜಿದರೆ ಹರಡುತ್ತದೆ. ಮೊದಲು ಊದಿ ಉದುರಿಸಿ, ಆಮೇಲೆ ಧಾರಾಳ ನೀರು.

ಕರಿ_ಕಾರು (ಮೈಸೂರು)

ನಮ್ಮ ಬೀದಿಯಲ್ಲಿ ಗಸಗಸೆ ಹಣ್ಣಿನ ಮರ ಇದೆ. ರಾತ್ರಿ ಬಾವಲಿ ಬರುತ್ತವೆ. ಬೆಳಿಗ್ಗೆ ಕಾರು ನೋಡಿದರೆ ಅಳು ಬರುತ್ತದೆ, ಬೀಜ ಸಮೇತ ಅಂಟಿರುತ್ತದೆ. ಇದಕ್ಕೆ ಏನಾದರೂ ಇದೆಯಾ?

ಕೆಂಧೂಳು (ಹೊಸಪೇಟೆ)

ಉಜ್ಜಬೇಡಿ ಮೇಡಂ. ಬಟ್ಟೆಯನ್ನು ನೀರಲ್ಲಿ ನೆನೆಸಿ, ಹಿಂಡದೆ ಅದರ ಮೇಲೆ ಹೊದಿಸಿ. ಹತ್ತು ನಿಮಿಷ ಬಿಟ್ಟು ಬಟ್ಟೆ ಸಮೇತ ಎತ್ತಿ. ಬಿಸಿಲು ಏರುವ ಮೊದಲೇ ಮಾಡಿ. ಪೇಂಟ್ ಬಿಸಿಯಾದಾಗ ಹಿಗ್ಗುತ್ತದೆ, ಒಣಗಿದ ಹಿಕ್ಕೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ, ತಣ್ಣಗಾಗುವಾಗ ಪೇಂಟ್ ಅದರ ಸುತ್ತ ಕುಗ್ಗಿ ಗುಳಿ ಉಳಿಯುತ್ತದೆ. ಗಂಟೆಗಳ ಲೆಕ್ಕ, ದಿನಗಳದ್ದಲ್ಲ.

ಬೇರೆ ಕಡೆ ಪಾರ್ಕ್ ಮಾಡಲು ಆಗಲ್ವಾ?

ಕರಿ_ಕಾರು (ಮೈಸೂರು)

ಆ ಕಡೆ ತೆಂಗಿನ ಮರ.

ಬ್ಲಾಕ್_ಸಿ (ಬೆಂಗಳೂರು)

😄 ಗಸಗಸೆಯೇ ವಾಸಿ.

ಎರಡು_ಬಕೆಟ್ ಅವರೇ, ನಮ್ಮ ಕಮಿಟಿಗೆ ಏನು ಹೇಳಲಿ? ಹುಡುಗರಿಗೆ ಕಲಿಸಲು ನೀವು ಬರುತ್ತೀರಾ?

ಎರಡು_ಬಕೆಟ್ (ಬೆಂಗಳೂರು)

ಬರುತ್ತೇನೆ. ಈ ಗಿರಾಕಿಯ ಅಪಾರ್ಟ್‌ಮೆಂಟ್‌ನಲ್ಲಿ ಆಗಲೇ ಶುರು ಮಾಡಿದ್ದೇನೆ.

ಆ ಹುಡುಗನಿಗೆ ನೀರು ಕಡಿಮೆ, ಟೈಮೂ ಕಡಿಮೆ. ಅದಕ್ಕೆ ರಿನ್ಸ್‌ಲೆಸ್, ಅಂದರೆ ನೀರು ಹೊಡೆದು ಇಳಿಸದೆ ಒರೆಸಿಬಿಡುವ ಶಾಂಪೂ ಹೊಂದುತ್ತದೆ. ಆಪ್ಟಿಮಮ್ ನೋ ರಿನ್ಸ್ ಥರದ್ದು ಒಂದಕ್ಕೆ 256 ಪಾಲು ನೀರು, ಅಂದರೆ ಹತ್ತು ಲೀಟರ್ ಬಕೆಟ್‌ಗೆ 40 ಎಂಎಲ್ ಸಾಕು. ಅದೇ ನೀರನ್ನು ಪಂಪಿನಲ್ಲಿ ಮೊದಲು ಹೊಡೆದು ಧೂಳು ನೆನೆಯಲು ಬಿಡಬೇಕು. ಎಂಟು ಬಟ್ಟೆ ಬಕೆಟ್‌ನಲ್ಲಿ ಮುಳುಗಿರುತ್ತವೆ. ಒಂದನ್ನು ಎತ್ತಿ ಎರಡು ಸಲ ಮಡಚಿದರೆ ನಾಲ್ಕು ಮುಖ, ಒಳಗಿನದನ್ನು ತಿರುಗಿಸಿದರೆ ಎಂಟು. ಒಂದು ಮುಖಕ್ಕೆ ಒಂದು ಪಟ್ಟಿ, ನೇರ ಗೆರೆಯಲ್ಲಿ. ಕೊಳೆಯಾದ ಬಟ್ಟೆ ಬಕೆಟ್‌ಗೆ ವಾಪಸ್ ಹೋಗುವ ಹಾಗಿಲ್ಲ. ಇದೇ ಅವನಿಗೆ ಕಷ್ಟವಾಗಿದ್ದು. ಕೈ ತಾನಾಗಿಯೇ ಬಕೆಟ್ ಕಡೆ ಹೋಗುತ್ತದೆ. ಹತ್ತು ವರ್ಷದ ಅಭ್ಯಾಸ ಪಾಪ.

ಇದನ್ನು ದಿನಾ ಮಾಡಲು ಆಗುವುದಿಲ್ಲ. ಹಾಗಾಗಿ ದಿನ ಬಿಟ್ಟು ದಿನ ಗಾಜು, ಕನ್ನಡಿ, ಹೆಡ್‌ಲೈಟ್ ಮಾತ್ರ. ವಾರಕ್ಕೊಂದು ಸಲ ಪೂರ್ತಿ ಕಾರು. ಕೆಸರು ಗಟ್ಟಿಯಾಗಿ ಹಿಡಿದಿದ್ದರೆ ಮುಟ್ಟದೆ ನನಗೆ ಫೋನ್ ಮಾಡು ಅಂದಿದ್ದೇನೆ. ಅವನ ತಿಂಗಳ ದುಡ್ಡು ಕಟ್ ಆಗಬಾರದು ಅಂತ ಗಿರಾಕಿ ಹತ್ತಿರ ಮೊದಲೇ ಮಾತಾಡಿದೆ.

ಡಿಎ_ಮೆಷಿನ್ (ಹುಬ್ಬಳ್ಳಿ)

ಎಲ್ಲಾ ಸರಿ, ನಿಮ್ಮ ಹೊಟ್ಟೆಪಾಡು? ಗೆರೆಯೇ ಬೀಳದಿದ್ದರೆ ಪಾಲಿಶ್‌ಗೆ ಯಾರು ಬರುತ್ತಾರೆ?

ಎರಡು_ಬಕೆಟ್ (ಬೆಂಗಳೂರು)

ಅದೇ ಲೆಕ್ಕ ಹಾಕುತ್ತಾ ಕೂತಿದ್ದೆ. ಅವರಿಂದ ವರ್ಷಕ್ಕೊಂದು ಸಲ 9,000 ಬರುತ್ತಿತ್ತು. ಈಗ ತಿಂಗಳಿಗೊಂದು ಮೇಂಟೆನೆನ್ಸ್ ವಾಶ್, ಮೂರು ತಿಂಗಳಿಗೊಮ್ಮೆ ಸ್ಪ್ರೇ ಸೀಲೆಂಟ್, ವರ್ಷಕ್ಕೊಮ್ಮೆ ಐರನ್ ರಿಮೂವರ್, ಎಲ್ಲಾ ಸೇರಿ ತಿಂಗಳಿಗೆ 900 ಅಂದಿದ್ದೇನೆ. ವರ್ಷಕ್ಕೆ 10,800. ಬೆನ್ನು ನೋವು ಕಡಿಮೆ, ಮೆಷಿನ್ ಪ್ಯಾಡ್ ಖರ್ಚಿಲ್ಲ. ಹಬ್ಬದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬಂದು ನಿಲ್ಲುವುದೂ ಇಲ್ಲ.

ಪ್ರತಿ ಕಾರಿಗೆ ಒಂದು ನೋಟ್‌ಬುಕ್ ಮಾಡಿದೆ. ಹುಡುಗರು ಅದಕ್ಕೆ ಜಾತಕ ಅನ್ನುತ್ತಾರೆ. ಹನ್ನೆರಡು ಮನೆ ಗೀಚಿ, ಬಾನೆಟ್, ರೂಫ್, ಬಾಗಿಲು, ಡಿಕ್ಕಿ ಎಲ್ಲದರ ಮೈಕ್ರಾನ್ ಬರೆಯುತ್ತೇವೆ. ಬಂಪರ್ ಮನೆ ಖಾಲಿ, ಪ್ಲಾಸ್ಟಿಕ್ ಮೇಲೆ ನಮ್ಮ ಗೇಜ್ ಓದುವುದಿಲ್ಲ. ಮೊನ್ನೆ ಒಬ್ಬರ ಸೆಕೆಂಡ್ ಹ್ಯಾಂಡ್ ಕಾರಿನ ಎಡಗಡೆ ಹಿಂದಿನ ಬಾಗಿಲಲ್ಲಿ 640 ಬಂತು. ಒಳಗೆ ಪುಟ್ಟಿ. "ಆಕ್ಸಿಡೆಂಟೇ ಆಗಿಲ್ಲ ಅಂತ ಮಾರಿದ್ದರು" ಅಂತ ಬಾಗಿಲನ್ನೇ ನೋಡುತ್ತಾ ನಿಂತುಬಿಟ್ಟರು. ಜಾತಕದಲ್ಲಿ ಶನಿ ಸಿಕ್ಕಿದ ಅಂದ ನಮ್ಮ ಹುಡುಗ, ಮೆಲ್ಲಗೆ.

ಹೊಸಬ (ತುಮಕೂರು)

ಮದುವೆ ಕಾರು ಏನಾಯಿತು ಅಣ್ಣ? ಅದನ್ನು ಹೇಳಲೇ ಇಲ್ಲ.

ಎರಡು_ಬಕೆಟ್ (ಬೆಂಗಳೂರು)

ಶನಿವಾರ ಅವರನ್ನು ಅಂಗಡಿಗೆ ಕರೆದೆ. ಗೇಜ್ ಅವರ ಕೈಗೇ ಕೊಟ್ಟೆ. ಅವರೇ ಇಟ್ಟರು, 103. ನಾನು ಹಳೇ ಪುಸ್ತಕದಲ್ಲಿ 2021ರ ಪುಟ ತೆರೆದು 117 ತೋರಿಸಿದೆ. ಏನು, ಎತ್ತ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೇ ಮಾತು ಕೇಳಿದರು: "ಹಾಗಾದ್ರೆ ಹಿಂದಿನ ಮೂರು ಸಲ ಯಾಕೆ ಹೊಡೆದ್ರಿ?"

ಉತ್ತರ ಇರಲಿಲ್ಲ. ನೀವು ಕೇಳಿದಿರಿ ಅಂತ ಹೊಡೆದೆ ಅನ್ನಬಹುದಿತ್ತು, ಬಾಯಿಗೆ ಬರಲಿಲ್ಲ. ತಪ್ಪಾಯಿತು ಸಾರ್ ಅಂದೆ.

ಬಾನೆಟ್, ರೂಫ್‌ಗೆ ಮೆಷಿನ್ ಮುಟ್ಟಿಸಲಿಲ್ಲ. ಡಿಎ_ಮೆಷಿನ್ ಅವರು ಹೇಳಿದ ಹಾಗೆ ಕೈಯಲ್ಲೇ ಗ್ಲೇಝ್ ಹಚ್ಚಿದೆ, ಗೆರೆ ಹೋಗಿಲ್ಲ, ಮುಚ್ಚಿದೆ ಅಂತ ಹೇಳಿಯೇ. ಬಾಗಿಲುಗಳು 115ರ ಮೇಲಿದ್ದವು, ಅವಕ್ಕೆ ಮಾತ್ರ ಫಿನಿಶಿಂಗ್ ಪಾಲಿಶ್. ಚೌಟ್ರಿ ಲೈಟಿನಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ದುಡ್ಡು ಕೊಡಲು ಬಂದರು, ಗ್ಲೇಝಿನದ್ದಷ್ಟೇ ತೆಗೆದುಕೊಂಡೆ. 900ರ ಲೆಕ್ಕಕ್ಕೆ ಮದುವೆ ಮುಗಿಯಲಿ ನೋಡೋಣ ಅಂದಿದ್ದಾರೆ.

ಬುಧವಾರ ಮದುವೆ. ಕಾರಿಗೆ ಹೂವಿನ ಅಲಂಕಾರ ಮಾಡುವವನ ನಂಬರ್ ಇಸಿದುಕೊಂಡು ನಾನೇ ಫೋನ್ ಮಾಡಿದೆ. ಅವನು ಅಗಲದ ಕಂದು ಟೇಪ್ ಅಂಟಿಸುವವನು. ಬಿಸಿಲಿಗೆ ಆ ಗೋಂದು ಕೂತರೆ ಕೀಳಲು ಮತ್ತೆ ಉಜ್ಜಬೇಕು. ಬೇರೆ ಟೇಪ್ ನಾನೇ ತಂದುಕೊಡುತ್ತೇನೆ ಅಂದೆ.

ಸ್ಪ್ರೇಗನ್_ಅಣ್ಣ (ದಾವಣಗೆರೆ)

ಯಾವ ಟೇಪು?

ಎರಡು_ಬಕೆಟ್ (ಬೆಂಗಳೂರು)

ನಿಮ್ಮ ಮಾಸ್ಕಿಂಗ್ ಟೇಪೇ ಅಣ್ಣ. ಪೇಂಟ್ ಬೂತಿನದ್ದು. ಒಂದೂವರೆ ಇಂಚು, ಎರಡು ರೋಲ್ ತಂದಿದ್ದೇನೆ.

ಸ್ಪ್ರೇಗನ್_ಅಣ್ಣ (ದಾವಣಗೆರೆ)

ಅದನ್ನೂ ಸಂಜೆ ಒಳಗೆ ಕೀಳಿಸಿ. ರಾತ್ರಿ ಬಿಟ್ಟರೆ ಇಬ್ಬನಿಗೆ ಕಾಗದ ನೆನೆದು ಗೋಂದು ಉಳಿಯುತ್ತದೆ.